ನೂರಕ್ಕೆ ನೂರು ಪಡೆದ ತೊಟ್ಟಿ

ನವೆಂಬರ್ ೯, ಭಾನುವಾರ ಮಧ್ಯಾಹ್ನ

ನನ್ನ ದರ್ಜಿಯವರಿಗೆ,

ಹೆಂಡತಿಯ ನಮಸ್ಕಾರ. ಬೈಗುಳವನ್ನು ಮೊದಲೇ ತಿಂದು ಮುಗಿಸಿಬಿಡುತ್ತೇನೆ. ನಿಮ್ಮ ಮೂರು ಕಾಗದಗಳಿಗೂ ಒಂದು ಅಂಗಿಗೂ ಉತ್ತರ ಬರೆಯದೆ ಕೂತವಳು ನಾನೇ. ವಾರವಾರವೂ ಫೋನಿನಲ್ಲಿ ಮಾತಾಡುತ್ತೀವಲ್ಲ ಎಂದು ನನ್ನ ಪರವಾಗಿ ವಾದಿಸಲು ಬರಬೇಡಿ. ಊಟ ಆಯ್ತಾ, ಆಯ್ತು. ಆರಾಮಾ, ಆರಾಮ. ಸರಿ ಹಾಗಾದ್ರೆ, ಸರಿ. ಇದು ಮಾತಲ್ಲ, ಶಾಲೆಯ ಹಾಜರಿ.

ಅಂಗಿ ಬಂದು ಮೂರು ವಾರವಾಯಿತು. ಜೊತೆಗಿದ್ದ ಚೀಟಿಯನ್ನು ಕನ್ನಡಿಯ ಸಂದಿಗೆ ಸಿಕ್ಕಿಸಿಟ್ಟಿದ್ದೇನೆ. ‘ನಿನ್ನ ಅಳತೆ ನನಗೆ ಬಾಯಿಪಾಠ, ಅದಕ್ಕೇ ಕೇಳಲಿಲ್ಲ’ ಎಂದು ಬರೆದಿದ್ದೀರಿ. ಗಿರಾಕಿಗಳು ಅಳತೆ ಬರೆದು ಕಳಿಸಿದರೆ ಆ ಚೀಟಿಯನ್ನು ಹಾಗೇ ಮಡಚಿ ಹಿಂದಕ್ಕೆ ಕಳಿಸುವ ಮನುಷ್ಯ ನೀವು. ‘ಚೀಟಿಗೆ ಬಟ್ಟೆ ಹೊಲಿಯಲ್ಲ, ಆಳು ಬರಲಿ’ ಎಂದು ಊರಿನ ಅರ್ಧ ಜನರನ್ನು ಎದುರು ಹಾಕಿಕೊಂಡವರು. ನನಗೆ ಮಾತ್ರ ಕಾನೂನು ಸಡಿಲವಾಯಿತು ನೋಡಿ. ಅಂಗಿ ಹೇಗೆ ಕೂತಿದೆ ಎನ್ನುವುದನ್ನು ಕೊನೆಯಲ್ಲಿ ಬರೆಯುತ್ತೇನೆ.

ನಿನ್ನೆ ಎರಡನೇ ಶನಿವಾರ. ನೀವು ಬರದೆ ಇದ್ದದ್ದು ಇದು ಐದನೆಯದು. ಬರಬೇಡಿ ಎಂದವಳು ನಾನೇ, ಆದ್ದರಿಂದ ಲೆಕ್ಕ ಇಡುವ ಹಕ್ಕು ನನಗಿಲ್ಲ. ಆದರೂ ಬೆಳಿಗ್ಗೆ ಎದ್ದು ಎರಡು ಲೋಟ ತೊಳೆದಿಟ್ಟೆ. ಆಮೇಲೆ ಒಂದನ್ನು ಒರೆಸಿ ಮತ್ತೆ ಮೇಲಿಟ್ಟೆ. ಈ ಕೋಣೆಯಲ್ಲಿ ಒಂದೇ ಕುರ್ಚಿ ಇರುವುದು ನಿಮಗೆ ಗೊತ್ತು, ನೀವು ಬಂದಾಗ ನಾನು ಮಂಚದ ಮೇಲೆ ಕೂತು ಉಣ್ಣುತ್ತಿದ್ದೆ. ಈಗ ಕುರ್ಚಿ ಖಾಲಿ ಇದ್ದರೂ ಮಂಚದ ಮೇಲೇ ಕೂತು ಉಣ್ಣುತ್ತೇನೆ. ಕಿಟಕಿಯ ಎದುರು ಕಾರ್ಖಾನೆಯ ಅದೇ ಚಿಮಣಿ. ಅದರ ಹೊಗೆ ಯಾವ ಕಡೆ ವಾಲಿದೆ ಎಂದು ಯಾರಿಗಾದರೂ ಹೇಳಬೇಕೆನಿಸುತ್ತದೆ, ಹೇಳುವಂಥ ಸಂಗತಿಯೇನಲ್ಲ ಎಂದು ಸುಮ್ಮನಾಗುತ್ತೇನೆ. ಕೆಳಗಿನ ಮನೆಯ ನರ್ಸಮ್ಮ ಒಬ್ಬರು ದಿನಕ್ಕೊಮ್ಮೆ ಮೆಟ್ಟಿಲ ಬುಡದಲ್ಲಿ ನಿಂತು ‘ಇದ್ದೀಯೇನೇ?’ ಎನ್ನುತ್ತಾರೆ. ‘ಇದ್ದೀನಿ’ ಎನ್ನುತ್ತೇನೆ. ಎಷ್ಟೋ ದಿನ ನನ್ನ ಬಾಯಿಂದ ಹೊರಟ ಕೆಲಸದ್ದಲ್ಲದ ಮಾತು ಅದೊಂದೇ.

ಇಷ್ಟು ಉದ್ದದ ಕಾಗದಕ್ಕೆ ಕಾರಣ ಬೇರೆ ಇದೆ. ನಾನು ಒಂದು ತಪ್ಪು ಮಾಡಿದ್ದೇನೆ. ಆ ತಪ್ಪಿಗೆ ಇನ್ನೊಬ್ಬ ಹೆಂಗಸಿನ ಕೆಲಸ ಹೋಗುವುದರಲ್ಲಿದೆ. ಬರುವ ಗುರುವಾರ ವಿಚಾರಣೆ. ಅಲ್ಲಿ ಏನು ಹೇಳಬೇಕೆಂದು ಗೊತ್ತಿದೆ, ಹೇಳುವ ಗಂಟಲು ಇದೆಯೋ ಇಲ್ಲವೋ ಗೊತ್ತಿಲ್ಲ.

ನನ್ನ ಕೆಲಸವನ್ನು ನಿಮಗೆ ಮದುವೆಯಾದ ಹೊಸದರಲ್ಲೇ ವಿವರಿಸಿದ್ದೆ. ಬಚ್ಚಲಲ್ಲಿ ನೀರು ಬೆರೆಸಿಕೊಳ್ಳುವಾಗ ಕೈ ಬಿಸಿ ನೋಡುತ್ತದೆ, ತಲೆ ಸಾಕೋ ಸಾಲದೋ ಎನ್ನುತ್ತದೆ, ಇನ್ನೊಂದು ಕೈ ನಲ್ಲಿ ತಿರುಗಿಸುತ್ತದೆ. ಈ ಮೂರೂ ಸೇರಿ ಒಂದು ಸುತ್ತು. ಕಾರ್ಖಾನೆಯಲ್ಲಿ ಇದಕ್ಕೆ ಲೂಪು ಎನ್ನುತ್ತಾರೆ. ಈ ಕಾಗದದ ಕಾರ್ಖಾನೆಯಲ್ಲಿ ಅಂಥವು ಮುನ್ನೂರ ಹನ್ನೆರಡಿವೆ. ಒಂದೊಂದಕ್ಕೂ ನೋಡುವ ಮೀಟರು, ಯೋಚಿಸುವ ಪೆಟ್ಟಿಗೆ, ತೆರೆದು ಮುಚ್ಚುವ ವಾಲ್ವು. ಅವು ಸರಿಯಾಗಿ ದುಡಿಯುತ್ತಿವೆಯೇ ಎಂದು ನೋಡಿ, ಕೆಟ್ಟದ್ದನ್ನು ತಿದ್ದುವವಳು ನಾನು. ಆಗ ನೀವು ‘ಹಾಗಾದ್ರೆ ನೀನು ನಲ್ಲಿ ತಿರುಗಿಸೋರ ಮೇಲೆ ಕಣ್ಣಿಡೋಳು’ ಎಂದಿರಿ. ಇಪ್ಪತ್ತೊಂದು ವರ್ಷವಾದರೂ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ.

ಲೂಪುಗಳಲ್ಲೂ ಮನುಷ್ಯರ ಹಾಗೆ ಆತುರಗಾರರಿದ್ದಾರೆ, ಸೋಮಾರಿಗಳಿದ್ದಾರೆ. ಆತುರದ್ದು ಸ್ವಲ್ಪ ಬಿಸಿ ಕಡಿಮೆಯಾದರೆ ನಲ್ಲಿಯನ್ನು ಪೂರ್ತಿ ತೆರೆದು, ಸುಟ್ಟುಕೊಂಡು, ಪೂರ್ತಿ ಮುಚ್ಚಿ, ದಿನವಿಡೀ ಅದೇ ಉಯ್ಯಾಲೆ ಆಡುತ್ತದೆ. ಕೆಲವು ಕಡೆ ವಾಲ್ವು ತುಕ್ಕು ಹಿಡಿದು, ಹತ್ತು ಸಲ ಹೇಳಿದ ಮೇಲೆ ಒಂದು ಸಲ ದಢಕ್ಕನೆ ಅಲುಗುತ್ತದೆ. ಇವನ್ನೆಲ್ಲ ಹಗಲಿರುಳು ಅಳೆದು ನೂರಕ್ಕೆ ಇಷ್ಟೆಂದು ಅಂಕ ಕೊಡುವ ಒಂದು ಕಂಪ್ಯೂಟರ್ ಲೆಕ್ಕವಿದೆ. ಕೆಲಸಗಾರರು ಅದಕ್ಕೆ ಹೆಡ್‌ಮಾಸ್ಟರು ಎಂದು ಹೆಸರಿಟ್ಟಿದ್ದಾರೆ. ನಾನು ಮಾರ್ಕ್ಸ್ ಮೇಡಂ. ತಿಂಗಳಿಗೊಮ್ಮೆ ಪಟ್ಟಿಯ ತಳದಲ್ಲಿರುವ ಹತ್ತು ದಡ್ಡರನ್ನು ಹಿಡಿದು ತಿದ್ದುತ್ತೇನೆ. ಬಂದಾಗ ಈ ಕಾರ್ಖಾನೆಯ ಸರಾಸರಿ ಐವತ್ತೆಂಟು, ಈಗ ಎಂಬತ್ತೊಂದು. ಇದನ್ನು ನಾನು ನಿಮಗೆ ಫೋನಿನಲ್ಲಿ ಹೇಳಿದ್ದೆ, ನೀವು ‘ಭೇಷ್’ ಎಂದಿರಿ.

ಯಂತ್ರದ ಕೆಳಗೆ ನೆಲಮಾಳಿಗೆಯಲ್ಲಿ ಒಂದು ತೊಟ್ಟಿ ಇದೆ. ಕಾಗದ ಒಣಗಿಸಿದ ಹಬೆ ತಣಿದು ಕುದಿನೀರಾಗಿ ಅದರಲ್ಲಿ ಬಂದು ಸೇರುತ್ತದೆ. ಅದು ತುಂಬಿ ಚೆಲ್ಲಬಾರದು, ಬರಿದೂ ಆಗಬಾರದು. ನೀರು ಅರವತ್ತೆರಡರ ಗುರುತಿನಲ್ಲಿ ನಿಲ್ಲಬೇಕೆಂದು ನಿಯಮ. ನಾನು ಬಂದಾಗಿನಿಂದ ಪರದೆಯ ಮೇಲೆ ಅದು ಅರವತ್ತೆರಡೇ. ಬೆಳಿಗ್ಗೆ ನೋಡಿದರೂ ಅರವತ್ತೆರಡು, ಸಂಜೆ ನೋಡಿದರೂ ಅರವತ್ತೆರಡು, ಗೆರೆ ನಿಮ್ಮ ಸ್ಕೇಲಿಟ್ಟು ಎಳೆದ ಹಾಗೆ. ಹೆಡ್‌ಮಾಸ್ಟರು ಅದಕ್ಕೆ ಪ್ರತಿ ತಿಂಗಳೂ ನೂರಕ್ಕೆ ನೂರು ಕೊಟ್ಟಿತು. ಕಳೆದ ತಿಂಗಳ ಸಭೆಯಲ್ಲಿ ನಾನು ಆ ಗೆರೆಯನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ, ‘ಲೂಪು ಅಂದರೆ ಹೀಗಿರಬೇಕು’ ಎಂದು ಹೊಗಳಿದೆ. ವರದಿಯಲ್ಲಿ ‘ಈ ತೊಟ್ಟಿಗೆ ಯಾರೂ ಕೈ ಹಾಕುವ ಅಗತ್ಯವಿಲ್ಲ’ ಎಂದು ಬರೆದು ಸಹಿ ಹಾಕಿದೆ.

ಆಗ ಮ್ಯಾನೇಜರು ಕೇಳಿದರು, ಅಷ್ಟು ಒಳ್ಳೆಯದಾದರೆ ಪಾಳಿಗೆ ನಾಲ್ಕು ಸಲ ಅದನ್ನು ನೋಡಲು ಆಪರೇಟರು ಯಾಕೆ ಕೆಳಗಿಳಿಯಬೇಕು, ಕಂಟ್ರೋಲ್ ರೂಮಿನ ಕುರ್ಚಿ ಯಾಕೆ ಖಾಲಿ ಬೀಳಬೇಕು ಎಂದು. ನಾಳೆಯಿಂದ ಯಾರೂ ಇಳಿಯಕೂಡದು ಎಂದು ಅಲ್ಲೇ ಬಾಯಿಮಾತಿನಲ್ಲಿ ಅಪ್ಪಣೆಯಾಯಿತು. ನಾನು ತಲೆಯಾಡಿಸಿದೆ.

ಹಾಗೆ ಇಳಿಯುತ್ತಿದ್ದವಳು ಬ್ಯಾಟರಿ ಅಕ್ಕ. ಹತ್ತೊಂಬತ್ತು ವರ್ಷದ ಸರ್ವೀಸು. ನೆಲಮಾಳಿಗೆ ಹಗಲಲ್ಲೂ ಕತ್ತಲೆ, ಅದಕ್ಕೆ ಸೊಂಟದಲ್ಲಿ ಸದಾ ಬ್ಯಾಟರಿ ಸಿಕ್ಕಿಸಿಕೊಂಡಿರುತ್ತಾಳೆ. ಆ ಹೆಸರು ಎಷ್ಟು ಅಂಟಿದೆಯೆಂದರೆ ಹಾಜರಿ ಪುಸ್ತಕದಲ್ಲಿರುವುದು ಯಾರ ಹೆಸರೆಂದು ಅವಳ ಗಂಡನೇ ಒಮ್ಮೆ ಕೇಳಿದನಂತೆ. ಸಭೆಯ ಮಾರನೆಯ ದಿನ ನನ್ನ ಮೇಜಿನ ಹತ್ತಿರ ಬಂದಳು. ಕೈ ಒರೆಸಿಕೊಳ್ಳುತ್ತ ನಿಂತಳು.

‘ಮೇಡಂ, ಆ ತೊಟ್ಟಿ ನಿಮ್ಮ ಪರದೆ ಹೇಳೋ ಅಷ್ಟು ಒಳ್ಳೇದಲ್ಲ. ಒಂದ್ಸಲ ನನ್ ಜೊತೆ ಇಳಿದು ನೋಡಿ.’

‘ಮುಂದಿನ ವಾರ ಬರ್ತೀನಿ’ ಎಂದೆ.

ಹೋಗಲಿಲ್ಲ. ಕೆಲಸ ಇತ್ತು ಎಂದರೆ ನೀವು ನಂಬುತ್ತೀರಿ. ಆದರೆ ಕೆಲಸದಿಂದಲ್ಲ. ಅಲ್ಲಿಗೆ ಇಳಿಯುವುದು ನೆಟ್ಟಗಿನ ಕಬ್ಬಿಣದ ಏಣಿ, ಎರಡೂ ಕೈ ಮೇಲೆತ್ತಿ ಕಂಬಿ ಹಿಡಿಯಬೇಕು. ಅದು ನನಗೆ ಯಾಕೆ ಆಗಲಿಲ್ಲ ಎನ್ನುವುದನ್ನೂ ಕೊನೆಗೇ ಇಟ್ಟಿದ್ದೇನೆ. ಕೊನೆಗೆ ಇಡುವುದು ನನ್ನ ಹಳೆಯ ಚಾಳಿ.

ಒಂಬತ್ತನೆಯ ದಿನ ದಪ್ಪ ಕಾಗದದ ಸರದಿ ಬಂತು. ದಪ್ಪ ಕಾಗದ ಒಣಗಲು ಹಬೆ ಹೆಚ್ಚು ಬೇಕು, ಹಬೆ ಹೆಚ್ಚಾದರೆ ತೊಟ್ಟಿಗೆ ಇಳಿಯುವ ನೀರೂ ಹೆಚ್ಚು. ಮಧ್ಯಾಹ್ನದ ಊಟದ ಹೊತ್ತಿಗೆ ತೊಟ್ಟಿ ತುಂಬಿ ಉಕ್ಕಿತು. ಕುದಿನೀರು ನೆಲಮಾಳಿಗೆಯ ನೆಲವನ್ನೆಲ್ಲ ಆವರಿಸಿತು. ಅಲ್ಲಿ ಪಂಪುಗಳಿಗೆ ಎಣ್ಣೆ ಹಾಕುತ್ತಿದ್ದ ಮನುಷ್ಯ, ಇಬ್ಬರು ಮಕ್ಕಳ ತಂದೆ, ಎರಡೂ ಪಾದ ಸುಟ್ಟುಕೊಂಡ. ಅವನ ಕೂಗು ಕೇಳಿ ಬ್ಯಾಟರಿ ಅಕ್ಕ ರಬ್ಬರ್ ಬೂಟು ಮೆಟ್ಟಿ ಓಡಿ ಇಳಿದು ಕೈಚಕ್ರ ತಿರುಗಿಸಿ ನೀರು ಹರಿಯಬಿಟ್ಟು ಅವನನ್ನು ಬೆನ್ನ ಮೇಲೆ ಹೊತ್ತು ಹತ್ತಿದಳು. ಅಷ್ಟು ಹೊತ್ತೂ ಮೇಲೆ ನನ್ನ ಪರದೆಯಲ್ಲಿ ಗೆರೆ ನೆಟ್ಟಗೇ ಇತ್ತು. ಅರವತ್ತೆರಡು.

ಮಾರನೆಯ ದಿನ ಅವಳನ್ನು ಕೆಲಸದಿಂದ ಅಮಾನತು ಮಾಡಿದರು. ಪಾಳಿಯಲ್ಲಿದ್ದವಳು ಅವಳು, ತೊಟ್ಟಿ ನೋಡದೆ ಇದ್ದವಳು ಅವಳು ಎಂದು. ನೋಡಬೇಡ ಎಂದವರು ಯಾರು ಎಂದರೆ ಯಾರೂ ಇಲ್ಲ. ಬಾಯಿಮಾತಿಗೆ ಸಹಿ ಎಲ್ಲಿರುತ್ತದೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಎನ್ನುವುದನ್ನು ನಿಮ್ಮ ಅಮ್ಮ ಆಗಾಗ ಹೇಳುತ್ತಿದ್ದರು. ಇಲ್ಲಿ ಜ್ವರ ಬಂದ ಎತ್ತು ನಾನು.

ಆಮೇಲೆ ನಾನು ಇಳಿದೆ. ಹೇಗೆ ಇಳಿದೆನೆಂದು ಕೇಳಬೇಡಿ, ಒಂದೇ ಕೈಯಲ್ಲಿ, ಮಗುವಿನ ಹಾಗೆ ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಊರಿ. ತೊಟ್ಟಿಯಿಂದ ಮೀಟರಿಗೆ ಹೋಗುವ ಸಪೂರ ಕೊಳವೆಯನ್ನು ಮೀಟರ್ ರಿಪೇರಿಯವರು ನನ್ನೆದುರಿಗೇ ಬಿಚ್ಚಿದರು. ಒಂದು ಹನಿ ನೀರು ಬೀಳಲಿಲ್ಲ. ಒಳಗೆ ತುಕ್ಕೂ ಕಿಟ್ಟವೂ ಸೇರಿ ಗಟ್ಟಿಯಾಗಿ ಕೂತಿತ್ತು. ಎಂದೋ ಒಂದು ದಿನ ನೀರು ಅರವತ್ತೆರಡರಲ್ಲಿದ್ದಾಗ ಕೊಳವೆ ಕಟ್ಟಿಕೊಂಡಿದೆ, ಅಂದಿನಿಂದ ಮೀಟರು ಅದನ್ನೇ ಹೇಳುತ್ತ ಕೂತಿದೆ. ಹಳೆಯ ದಾಖಲೆ ತೆಗೆಸಿ ನೋಡಿದರೆ, ಎರಡೂವರೆ ವರ್ಷ. ಪರದೆ ಸರಿಯಿದೆ ಎನ್ನುತ್ತಿದ್ದುದರಿಂದ ವಾಲ್ವು ಅಲುಗುವ ಪ್ರಶ್ನೆಯೇ ಇರಲಿಲ್ಲ. ಆ ಎರಡೂವರೆ ವರ್ಷ ತೊಟ್ಟಿಯನ್ನು ಕಾದವಳು ಬ್ಯಾಟರಿ ಅಕ್ಕ. ತೊಟ್ಟಿಯ ಪಕ್ಕದ ಗಾಜಿನ ಕೊಳವೆಗೆ ಬೆಳಕು ಬಿಟ್ಟು, ನೀರು ಎಲ್ಲಿದೆಯೆಂದು ಕಣ್ಣಾರೆ ನೋಡಿ, ಕೈಚಕ್ರವನ್ನು ಅರ್ಧ ಸುತ್ತು ಆ ಕಡೆಗೋ ಈ ಕಡೆಗೋ ತಿರುಗಿಸುವುದು. ಉಳಿದ ಎರಡು ಪಾಳಿಯವರಿಗೂ ಹೇಳಿಕೊಟ್ಟಿದ್ದಳು. ಪಾಳಿ ಬದಲಾಗುವಾಗ ‘ಕೆಳಗಿನ ಗಾಜು ನೋಡ್ಕೋ’ ಎಂದರೆ ಮುಗಿಯಿತು. ಅದು ಯಾವ ಪುಸ್ತಕದಲ್ಲೂ ಇಲ್ಲ. ನಾನು ಆ ಮಾತನ್ನು ಎಷ್ಟು ಸಲ ಕೇಳಿಸಿಕೊಂಡಿದ್ದೇನೋ, ಯಾವುದೋ ಕಿಟಕಿಯ ಗಾಜು ಒರೆಸುವ ವಿಷಯ ಎಂದುಕೊಂಡಿದ್ದೆ.

ನನ್ನ ತಪ್ಪು ಎಂಥದ್ದೆಂದು ನಿಮಗೆ ಅರ್ಥವಾಗಬೇಕು. ಒಳ್ಳೆಯ ಲೂಪು ಕೂಡ ಸ್ವಲ್ಪ ನಡುಗುತ್ತದೆ. ನೀರು ಬರುತ್ತದೆ, ಹೋಗುತ್ತದೆ, ಮಟ್ಟ ಒಂದಿಷ್ಟು ಮೇಲೆ, ಒಂದಿಷ್ಟು ಕೆಳಗೆ. ತೊಂಬತ್ತಾರು ಬರಬಹುದು, ತೊಂಬತ್ತೇಳು ಬರಬಹುದು. ನೂರಕ್ಕೆ ನೂರು ಬರುವುದು ನೋಡುವ ಕಣ್ಣು ಸತ್ತಿದ್ದರೆ ಮಾತ್ರ. ಹೊಸದಾಗಿ ಸೇರಿದವರಿಗೆ ಮೊದಲ ವಾರ ನಾನೇ ಕಲಿಸುವ ಪಾಠ ಇದು. ಆದರೂ ತಿಂಗಳು ತಿಂಗಳೂ ಪಟ್ಟಿಯ ತಳ ನೋಡಿದೆನೇ ಹೊರತು ತಲೆ ನೋಡಲಿಲ್ಲ. ತೊಂದರೆ ಕೊಡದವರ ಕಡೆ ಯಾರು ತಿರುಗಿ ನೋಡುತ್ತಾರೆ?

ಮೊನ್ನೆ ಅವಳ ಮನೆಗೆ ಹೋಗಿದ್ದೆ. ಎರಡು ಕೋಣೆ, ಬಾಗಿಲಲ್ಲಿ ಚಪ್ಪಲಿ ಸಾಲು, ಒಳಗೆ ಯಾರೋ ಜೋರಾಗಿ ಮಗ್ಗಿ ಓದುತ್ತಿದ್ದರು. ಬೈಯುತ್ತಾಳೆ ಎಂದು ತಯಾರಾಗಿ ಹೋದವಳಿಗೆ ನೀರು ಕೊಟ್ಟು ಕೂರಿಸಿದಳು. ನಾನು ತಪ್ಪಾಯಿತು ಎಂದೆ. ಅವಳು, ಮೀಟರು ಕೆಟ್ಟ ಮೊದಲ ವರ್ಷವೇ ಎರಡು ಸಲ ದೂರು ಪುಸ್ತಕದಲ್ಲಿ ಬರೆದಿದ್ದೆ, ರಿಪೇರಿಯವರು ಬಂದು ಪರದೆ ನೋಡಿ ಸರಿ ಇದೆ ಎಂದು ಷರಾ ಬರೆದು ಹೋದರು, ಮೂರನೇ ಸಲ ಬರೆದರೆ ನನ್ನ ತಲೆ ಸರಿ ಇಲ್ಲ ಅಂತಾರೆ ಎಂದು ಬಿಟ್ಟೆ ಎಂದಳು. ಆಮೇಲೆ ನನ್ನನ್ನೇ ನೋಡುತ್ತ ಬೇರೆ ಮಾತು ತೆಗೆದಳು.

‘ಮೇಡಂ, ಮೊದ್ಲು ನಿಮ್ಮೋರು ಒಬ್ರು ಬರ್ತಿದ್ರಲ್ಲ, ಕುತ್ತಿಗೆಗೆ ಟೇಪು ಹಾಕ್ಕೊಂಡೇ ಬಸ್ಸಿಳಿಯೋರು. ಈಗ ಕಾಣಲ್ಲ.’

‘ನಾನೇ ಬೇಡ ಅಂದೆ.’

‘ನೀವು ಬೇಡ ಅಂದ್ರಿ, ಸರಿ. ಅವ್ರು ಹೂಂ ಅಂದ್ಬಿಟ್ರಾ?’

ಅವಳ ಬಾಯಲ್ಲಿ ಅದು ಕೊಂಕಾಗಿರಲಿಲ್ಲ, ಗಾಜು ನೋಡಿದ ಹಾಗೆ ನೋಡಿ ಕೇಳಿದ್ದು. ಬರುತ್ತ ದಾರಿಯಲ್ಲಿ ನಿಮ್ಮ ಮೇಲೆ ಕೋಪ ಬಂತು, ಮನೆ ತಲುಪುವಷ್ಟರಲ್ಲಿ ಅದು ನನ್ನ ಮೇಲೆ ತಿರುಗಿತ್ತು.

ಇಲ್ಲಿಗೆ ನಿಲ್ಲಿಸುತ್ತೇನೆ. ಗುರುವಾರ ಆದಮೇಲೆ ಉಳಿದದ್ದು.

ನವೆಂಬರ್ ೧೬, ಭಾನುವಾರ

ಈಗ ತಾನೇ ನಿಮ್ಮ ಫೋನು ಬಂದು ಹೋಯಿತು. ಆರಾಮಾ ಎಂದಿರಿ, ಆರಾಮ ಎಂದೆ. ಫೋನಿಟ್ಟು ಎರಡು ನಿಮಿಷ ಗೋಡೆ ನೋಡಿದೆ. ಆಮೇಲೆ ಈ ಕಾಗದ ತೆಗೆದೆ.

ಬುಧವಾರ, ನನ್ನನ್ನು ಇಲ್ಲಿಗೆ ಗುತ್ತಿಗೆಯ ಮೇಲೆ ಕಳಿಸಿರುವ ನಮ್ಮ ಆಫೀಸಿನ ಸಾಹೇಬರು ಫೋನು ಮಾಡಿ ಬಹಳ ಪ್ರೀತಿಯಿಂದ ಮಾತಾಡಿದರು. ಒಂದೇ ಒಂದು ವಾಕ್ಯ ಹೇಳಿದರೆ ಸಾಕು, ‘ಮೀಟರು ಸರಿಯಿದೆಯೇ ಎಂದು ಖಾತ್ರಿ ಮಾಡಿಕೊಳ್ಳುವುದು ಆಪರೇಟರ ಜವಾಬ್ದಾರಿ’ ಎಂದು. ಅದು ಸುಳ್ಳೂ ಅಲ್ಲ, ನಿಯಮದ ಪುಸ್ತಕದಲ್ಲಿ ಹಾಗೇ ಇದೆ. ನಿಜವನ್ನೇ ಹೇಳಿ ಮೋಸ ಮಾಡಬಹುದು ಎನ್ನುವುದನ್ನು ಈ ವಯಸ್ಸಿನಲ್ಲಿ ಕಲಿತೆ. ಅಥವಾ ಮೊದಲೇ ಕಲಿತಿದ್ದೆನೋ ಏನೋ.

ವಿಚಾರಣೆ ನಡೆದದ್ದು ಕ್ಯಾಂಟೀನಿನ ಮೇಲಿನ ಉದ್ದ ಕೋಣೆಯಲ್ಲಿ. ಮೇಜಿನ ಆ ಕಡೆ ಮೂವರು ಅಧಿಕಾರಿಗಳು, ಪಕ್ಕದಲ್ಲಿ ಮ್ಯಾನೇಜರು. ಬ್ಯಾಟರಿ ಅಕ್ಕ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಸೊಂಟದಲ್ಲಿ ಬ್ಯಾಟರಿ ಇರಲಿಲ್ಲ, ಅಮಾನತಾದ ದಿನ ಅದನ್ನೂ ಕಿತ್ತುಕೊಂಡಿದ್ದರಂತೆ. ಪರದೆ ಸರಿಯಾಗಿ ತೋರಿಸುತ್ತಿತ್ತೇ ಎಂದು ನನ್ನನ್ನು ಕೇಳಿದರು. ಸಾಹೇಬರ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು. ನೀರು ಕುಡಿದೆ. ನನ್ನ ವರದಿಯ ಪುಟ ತೆರೆದು ‘ಯಾರೂ ಕೈ ಹಾಕುವ ಅಗತ್ಯವಿಲ್ಲ’ ಎನ್ನುವ ಸಾಲನ್ನು ಓದಿದೆ, ಕೆಳಗಿನ ಸಹಿಯನ್ನೂ ಓದಿದೆ.

‘ಪರದೆಗೆ ಕಣ್ಣೇ ಇರಲಿಲ್ಲ ಸಾರ್. ಕಣ್ಣಿದ್ದದ್ದು ಇವರಿಗೆ. ಇವರು ಬಂದು ನೋಡಿ ಅಂತ ಕರೆದರು, ನಾನು ಹೋಗಲಿಲ್ಲ. ಇಳಿಯಬೇಡಿ ಅಂತ ಅಪ್ಪಣೆ ಆಗಿದ್ದು ನನ್ನ ವರದಿ ನಂಬಿ, ಆವಾಗ ನಾನೂ ತಲೆಯಾಡಿಸಿದೆ. ಇದರಲ್ಲಿ ಇವರದೇನೂ ತಪ್ಪಿಲ್ಲ.’

ಮ್ಯಾನೇಜರು ಕಿಟಕಿ ಕಡೆ ನೋಡಿದರು. ಅಧಿಕಾರಿಗಳಲ್ಲಿ ಹಿರಿಯರೊಬ್ಬರು ದೂರು ಪುಸ್ತಕ ತರಿಸಿದರು. ಅವಳು ಹೇಳಿದ ಎರಡು ದೂರುಗಳೂ ಅದರಲ್ಲಿದ್ದವು, ದುಂಡಗಿನ ಅಕ್ಷರದಲ್ಲಿ, ‘ಗಾಜಿನಲ್ಲಿ ನೀರು ಬೇರೆ, ಪರದೆಯಲ್ಲಿ ಬೇರೆ’ ಎಂದು. ಅದರ ಮೇಲೆ ಹೆಚ್ಚು ಮಾತಾಗಲಿಲ್ಲ. ನಾಳೆಯಿಂದ ಅವಳು ಕೆಲಸಕ್ಕೆ ಹೋಗಬಹುದು. ಗಾಜು ನೋಡುವುದು ಇನ್ನು ಮೂರೂ ಪಾಳಿಗೆ ಬರಹದಲ್ಲಿರುವ ನಿಯಮ. ಎಣ್ಣೆಯವನ ಪಾದ ಮಾಯುತ್ತಿದೆ, ಎರಡು ತಿಂಗಳು ನಡೆಯುವ ಹಾಗಿಲ್ಲ. ಅವನನ್ನು ನೋಡಲು ಹೋಗಿದ್ದೆ, ಅವನ ಹೆಂಡತಿ ನನ್ನ ಜೊತೆ ಮಾತಾಡಲಿಲ್ಲ. ಅದು ನ್ಯಾಯವೇ. ನನಗೆ ಮಾರ್ಚಿನ ನಂತರ ಇಲ್ಲಿ ಗುತ್ತಿಗೆ ಇಲ್ಲವೆಂದು ಸಾಹೇಬರು ತಿಳಿಸಿದ್ದಾರೆ, ಈ ಸಲ ಪ್ರೀತಿ ಇರಲಿಲ್ಲ.

ಹೊರಗೆ ಬಂದು ಮೆಟ್ಟಿಲಿಳಿಯುವಾಗ ಬ್ಯಾಟರಿ ಅಕ್ಕ ತಾನೇ ನನ್ನ ಎಡಗಡೆಗೆ ಬಂದು ತೋಳಿಗೆ ಆಸರೆ ಕೊಟ್ಟಳು. ಅವಳಿಗೆ ಯಾರೂ ಹೇಳಿರಲಿಲ್ಲ. ನೋಡಿ ಅಭ್ಯಾಸ ಇರುವವಳು.

ಶುಕ್ರವಾರ, ಶನಿವಾರ ಎರಡು ದಿನವೂ ನಾನು ಪಟ್ಟಿಯನ್ನು ತಲೆಕೆಳಗು ಮಾಡಿ, ಮೇಲಿನ ಹನ್ನೊಂದು ಜಾಣರನ್ನು ಒಬ್ಬೊಬ್ಬರಾಗಿ ಹೋಗಿ ಮುಟ್ಟಿ ನೋಡಿದೆ. ಮೂರು ಸತ್ತಿದ್ದವು. ಯಾರಿಗೂ ಗೊತ್ತಿರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ, ನಾವು ಪ್ರತ್ಯಕ್ಷವಾಗಿಯೂ ನೋಡಿರಲಿಲ್ಲ.

ಮೇಲಿನ ಸುದ್ದಿ ಇಷ್ಟೇ. ಭಾವನಿಗೂ ಅವರ ಮನೆಯವರಿಗೂ ನನ್ನ ನೆನಪು ಹೇಳಿ. ಕತ್ತರಿ ಹಿಡಿಯುವ ಹೆಬ್ಬೆರಳಿಗೆ ಚಳಿಗಾಲದಲ್ಲಿ ಬಿಸಿನೀರು ಬಿಡದೆ ಹಾಕಿಕೊಳ್ಳಿ, ಅಂಗಡಿಯ ದೀಪ ಹಳೆಯದಾಗಿದೆ, ಬದಲಾಯಿಸಿ. ನಿಮ್ಮ ಕಣ್ಣೂ ಸೂಜಿಯೂ ಒಂದಕ್ಕೊಂದು ಮುನಿಯದೆ ನೂರು ವರ್ಷ ಇರಲಿ.

ನಿಮ್ಮವಳು,
ಮಾರ್ಕ್ಸ್ ಮೇಡಂ

ತಾ.ಕ.: ಸಹಿ ಹಾಕಿ ಲಕೋಟೆಯನ್ನೂ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಕೊನೆಗೆ ಎಂದು ಇಟ್ಟದ್ದೆಲ್ಲ ಉಳಿದೇಬಿಟ್ಟಿತ್ತು.

ಜುಲೈ ತಿಂಗಳ ಒಂದು ಭಾನುವಾರ ನೀವು ಫೋನು ಮಾಡಿದಾಗ ಹಿಂದೆ ಏನೋ ಗಾಲಿಯ ಸದ್ದು ಕೇಳಿಸುತ್ತಿದೆ, ಏನದು ಎಂದಿರಿ. ಕ್ಯಾಂಟೀನಿನ ತಳ್ಳುಗಾಡಿ ಎಂದೆ. ಅದು ಆಸ್ಪತ್ರೆಯ ವಾರ್ಡು. ಎಡ ಎದೆಯಲ್ಲಿ ಗಂಟು ಇತ್ತು, ಅದಕ್ಕೆ ಮೂರು ದಿನ ಹಿಂದೆ, ಗುರುವಾರ, ಆ ಎದೆಯನ್ನೇ ತೆಗೆದಿದ್ದರು. ‘ರೋಗಿಗೆ ಏನಾಗಬೇಕು’ ಎನ್ನುವ ಜಾಗದಲ್ಲಿ ನರ್ಸಮ್ಮ ‘ಕೆಳಗಿನ ಮನೆಯವರು’ ಎಂದು ಬರೆದು ಸಹಿ ಹಾಕಿದರು. ಈಗ ಭಯವಿಲ್ಲ, ಪೂರ್ತಿ ತೆಗೆದಿದ್ದೇವೆ ಎಂದಿದ್ದಾರೆ ಡಾಕ್ಟರು. ಐದು ವರ್ಷ ಮಾತ್ರೆ, ಮೂರು ತಿಂಗಳಿಗೊಮ್ಮೆ ಪರೀಕ್ಷೆ. ತೋಳು ಮಾತ್ರ ಭುಜದ ಮೇಲಕ್ಕೆ ಏಳುವುದಿಲ್ಲ.

ಯಾಕೆ ಹೇಳಲಿಲ್ಲ ಎಂದರೆ, ಅತ್ತೆ ತೀರಿಕೊಂಡ ವಾರ ನೀವು ಮೆಟ್ಟಿಲ ಮೇಲೆ ಕೂತು ಭಾವನ ಹತ್ತಿರ ಹೇಳಿದ್ದಿರಿ: ‘ಅಣ್ಣಾ, ಇನ್ನು ನನ್ ಕೈಲಿ ಯಾರ ಕಾಯಿಲೇನೂ ನೋಡೋಕಾಗಲ್ಲ. ಇನ್ನೊಂದು ಸಲ ಅಂದ್ರೆ ಮನೆ ಬಿಟ್ಟು ಓಡಿಹೋಗ್ತೀನಿ.’ ನಾನು ಎರಡು ಲೋಟ ಚಹಾ ಹಿಡಿದು ಬಾಗಿಲ ಹಿಂದೆ ನಿಂತಿದ್ದೆ. ಒಳಗೆ ಹೋಗಿ, ಸ್ವಲ್ಪ ತಡೆದು, ಕಾಲು ಸಪ್ಪಳ ಮಾಡಿಕೊಂಡು ಮತ್ತೆ ಬಂದೆ. ಆರು ವರ್ಷ ಹಾಸಿಗೆ ಹಿಡಿದ ತಾಯಿಯನ್ನು ಒಬ್ಬರೇ ಎತ್ತಿ ಇಳಿಸಿದವರ ದಣಿವು ಅದು, ನಿಮಗೆ ಆ ಮಾತು ನೆನಪೂ ಇರಲಾರದು. ನನಗೆ ಮಾತ್ರ ಅದು ಹೋಗಲಿಲ್ಲ. ಅದಕ್ಕೇ ಬರಬೇಡಿ ಎಂದೆ, ಅದಕ್ಕೇ ಪ್ರತಿ ಭಾನುವಾರ ಆರಾಮ ಎಂದೆ. ನೀವು ನಂಬಿದಿರಿ. ನಂಬಿದ್ದಕ್ಕೆ ನಾಲ್ಕು ತಿಂಗಳಿಂದ ಒಳಗೊಳಗೇ ನಿಮ್ಮ ಮೇಲೆ ಮುನಿಸಿಕೊಂಡಿದ್ದೇನೆ.

ಅಂಗಿಯ ವಿಷಯ. ಬಣ್ಣ ಚೆನ್ನಾಗಿದೆ, ತೋಳಿನ ಉದ್ದ ಸರಿಯಾಗಿದೆ, ಗುಂಡಿಗಳು ಮುದ್ದಾಗಿವೆ. ಎಡಗಡೆ ಜೇಬು ಒಳಕ್ಕೆ ಕುಸಿಯುತ್ತದೆ. ಪೆನ್ನು ಇಟ್ಟರೆ ವಾಲುತ್ತದೆ. ನಿಮಗೆ ಬಾಯಿಪಾಠವಾಗಿರುವ ಅಳತೆ ಜುಲೈಗಿಂತ ಹಿಂದಿನದು.

ಹೊಸ ಅಳತೆಯನ್ನು ನಾನು ಬರೆದು ಕಳಿಸುವುದಿಲ್ಲ, ನೀವು ಚೀಟಿಗೆ ಹೊಲಿಯುವವರೂ ಅಲ್ಲ. ಎರಡನೇ ಶನಿವಾರದವರೆಗೆ ಕಾಯಬೇಡಿ, ಬರುವ ಶನಿವಾರವೇ ಬನ್ನಿ. ಓಡಿಹೋಗುವುದಾದರೆ ನೋಡಿದ ಮೇಲೆ ಓಡಿಹೋಗಿ. ಟೇಪು ಮರೆಯಬೇಡಿ.